ವಾಪಸ್ ಕರೆದ ಗಾಡಿಗಳು

ಹಳೇ ಕಾರೊಂದು ಕೊಳ್ಳಬೇಕು, ಮೇಸ್ತ್ರಿ,
ಯಾವ ಕಂಪನಿಯದು ಒಳ್ಳೇದು, ಹೇಳಿ.
ಜಿಲ್ಲಾಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ
ನೇರ ಬಂದಿದ್ದರು ಸಿಸ್ಟರ್ ಬೆನೆಡಿಕ್ಟಾ,
ಕೈಯಲ್ಲಿನ್ನೂ ಸ್ಪಿರಿಟ್ಟಿನ ವಾಸನೆ.
ಹಾಸನದ ಸಾಲಗಾಮೆ ರಸ್ತೆಯ ನನ್ನ ತಗಡಿನ ಶೆಡ್ಡಿನಲ್ಲಿ
ಆಗಷ್ಟೇ ಕಂಪ್ರೆಸರ್ ಕೆಮ್ಮಿ ಎದ್ದಿತ್ತು.

ಬಾಯಿಮಾತು ಬೇಡವೆಂದು ಡೈರಿ ಇಳಿಸಿದೆ.
ಹತ್ತೊಂಬತ್ತು ವರ್ಷದ ಲೆಕ್ಕ,
ಪುಟಪುಟಕ್ಕೂ ಗ್ರೀಸಿನ ಹೆಬ್ಬೆಟ್ಟು.
ಕಂಪನಿಯ ಹೆಸರು ನಾನು ಬರೆಯುವುದಿಲ್ಲ;
ಹೆಸರಿಗೆ ಮರ್ಯಾದೆ ಜಾಸ್ತಿ, ಬೋಲ್ಟಿಗೆ ಕಮ್ಮಿ.
ನಾನಿಟ್ಟ ಹೆಸರೇ ಬೇರೆ: ಒಬ್ಬ ಬಾಯಿಬಡುಕ,
ಒಬ್ಬ ಮೌನಿ, ಇನ್ನೊಬ್ಬ ಮನೆ ಅಳಿಯ.
ಅಳಿಯ ಕೆಡುವುದಿಲ್ಲ, ಏರಿನಲ್ಲಿ ಏಳುವುದೂ ಇಲ್ಲ.
ಅವನನ್ನು ಬಿಡಿ.

ಈ ಬಾಯಿಬಡುಕ. ವರ್ಷಕ್ಕೆರಡು ಸಲ ಕಾಗದ:
'ತಾವು ಕೊಂಡ ಗಾಡಿಯ ಪೆಟ್ರೋಲ್ ಪಂಪಿನಲ್ಲಿ
ದೋಷವಿರುವ ಶಂಕೆಯಿದೆ, ದಯವಿಟ್ಟು ತನ್ನಿ,
ದುಡ್ಡಿಲ್ಲದೆ ಬದಲಿಸುತ್ತೇವೆ.'
ಊರು ನಕ್ಕಿತು. ಆಲೂಗೆಡ್ಡೆ ಮಂಡಿಯ ದ್ಯಾವೇಗೌಡರಂತೂ
'ಹೆತ್ತೋನೇ ಹುಳುಕು ಅಂದಮೇಲೆ ಇನ್ನೇನ್ಲಾ' ಎಂದು
ಬಂದ ಬೆಲೆಗೆ ಮಾರಿ, ಮೌನಿಯದು ಕೊಂಡರು.

ಮೌನಿಯದು ಅಪ್ಪಟ ಜಾತಕ.
ಒಂದು ಕಾಗದವಿಲ್ಲ, ಒಂದು ಫೋನಿಲ್ಲ.
ಷೋರೂಮಿನ ಹುಡುಗ ಆ ಸೊನ್ನೆಗೇ
ಕಟ್ಟು ಹಾಕಿಸಿ ಗೋಡೆಗೆ ತೂಗುಬಿಟ್ಟಿದ್ದಾನೆ.
ಈಗ ನನ್ನ ಪುಟ ನೋಡಿ.
ಆಷಾಢದಲ್ಲಿ ಒಂದು: ಮುಂದಿನ ಎಡ ತೋಳು ಬಿರುಕು.
ದಸರೆ ಹೊತ್ತಿಗೆ ಎರಡು: ಅದೇ ತೋಳು, ಅದೇ ಜಾಗ,
ಬೈತಲೆ ತೆಗೆದಷ್ಟು ಸಣ್ಣ ಗೀಟು.
ಆಮೇಲೆ ಏಳು.
ದ್ಯಾವೇಗೌಡರದು ದೋಣಿಗಲ್ಲಿನ ತಿರುವಿನಲ್ಲಿ
ಮೋರಿಕಟ್ಟೆಗೆ ಆತುಕೊಂಡು ನಿಂತಿತು, ಆಯಸ್ಸು ಗಟ್ಟಿಯಿತ್ತು.
ಕಂಪನಿಗೆ ಬರೆದೆ. ಉತ್ತರ ಬಂತು: 'ರಸ್ತೆ ಸರಿಯಿಲ್ಲ.'
ಸುಳ್ಳಲ್ಲ, ಶಿರಾಡಿ ರಸ್ತೆ ಯಾವತ್ತು ಸರಿಯಿತ್ತು?
ಆದರೆ ಬಾಯಿಬಡುಕನೂ ಅಲ್ಲೇ ಹೋಗಿ ಬರುತ್ತಾನಲ್ಲ.

ಸಿಸ್ಟರ್ ಕನ್ನಡಕ ತೆಗೆದು ಒರೆಸಿದರು.
ನಮ್ಮಲ್ಲೂ ಹೀಗೇ, ಎಂದರು. ತಪ್ಪು ಬರೆಯುವ ಪುಸ್ತಕ
ಮೂರನೇ ವಾರ್ಡಿನಲ್ಲಿ ತುಂಬಿಹೋಗಿದೆ.
ಐದನೆಯದರಲ್ಲಿ ಹಾಳೆಗಳ ಅಂಟೇ ಬಿಟ್ಟಿಲ್ಲ.
ಬಹುಮಾನ ಐದನೆಯದಕ್ಕೆ.
ನನ್ನ ತಮ್ಮನಿಗೆ ಆಪರೇಷನ್ ಆದಾಗ
ಮೂರನೆಯದರಲ್ಲೇ ಮಲಗಿಸಿದೆ.

ಆಮೇಲೆ ತಟ್ಟನೆ: ಮೇಸ್ತ್ರಿ, ನಿಮ್ಮ ಪುಟ ಎಲ್ಲಿ?

ಕಂಪ್ರೆಸರ್ ಆರಿಸಿದೆ.
ರಟ್ಟಿಗೆ ಅಂಟಿದ್ದ ಕೊನೇ ಹಾಳೆಯನ್ನು
ಉಗುರಿನಿಂದ ಬಿಡಿಸಿದೆ. ಒಂದೇ ಸಾಲು:
ಬಿಳಿ ಗಾಡಿ, ಹಿಂದಿನ ಬಲ ಚಕ್ರ, ಪಿನ್ನು.

ಮದುವೆ ಗಾಡಿ ಅದು. ಅವಸರ ಮಾಡಿ ಕಳಿಸಿ
ಕೈ ತೊಳೆಯುವಾಗ ಕಂಡೆ, ಸೋಪಿನ ಪಕ್ಕ,
ಎರಡು ಕಾಲಿನ ಪುಟಾಣಿ ಪಿನ್ನು,
ಇರಬೇಕಾದಲ್ಲಿ ಇಲ್ಲದ್ದು.
ಫೋನು ಎತ್ತಲಿಲ್ಲ ಯಾರೂ.
ಸ್ಕೂಟರು ಹತ್ತಿದೆ. ಆಲೂರು ಕ್ರಾಸು, ಪಾಳ್ಯ,
ಬಾಳ್ಳುಪೇಟೆಯಲ್ಲಿ ಕಾಫಿಗೆ ನಿಂತಿತ್ತು ಗಾಡಿ.
ಗಂಡಿನ ಸೋದರಮಾವ ಎಲ್ಲರೆದುರು ಬೈದರು.
ರಸ್ತೆ ಬದಿಯಲ್ಲೇ ಅಂಗಾತ ಮಲಗಿ
ಪಿನ್ನು ತೂರಿಸಿ, ಅದರ ಕಾಲೆರಡೂ ಮಡಿಸಿದೆ.
ಹೆಣ್ಣೊಬ್ಬಳೇ ಕಿಟಕಿಯಿಂದ
ಒಂದು ಲಾಡು ಚಾಚಿದಳು.

ಆ ತಿಂಗಳು ನಾಲ್ಕು ಗಿರಾಕಿ
ಎದುರಿನ ಗ್ಯಾರೇಜಿಗೆ ಹೋದರು.

ಸಿಸ್ಟರ್ ಏನೂ ಹೇಳಲಿಲ್ಲ, ಪೆನ್ನು ಕೇಳಿದರು.
ಆ ಸಾಲಿನ ಕೆಳಗೆ ತಮ್ಮ ನಂಬರು ಬರೆದು,
ಯಾವುದೋ ಒಂದು, ನೀವೇ ನೋಡಿ ಕೊಡಿಸಿ.
ಕರೆಯಬೇಕಾಗಿ ಬಂದರೆ ಎಷ್ಟೊತ್ತಿಗಾದರೂ ಕರೀರಿ,
ನಾವು ರಾತ್ರಿಯೂ ಎದ್ದಿರೋ ಜನ.